ದಣಿಯುವ ಡ್ರಿಲ್ ಮಷಿನ್ನು

ಮೊಮ್ಮಕ್ಕಳೇ, ಚಿನ್ನು, ಈರಣ್ಣ! ಕಲ್ಲಿನ ಗೋಡೆಯ ಜೊತೆ ಮೂರು ದಿನ ಜಗಳವಾಡಿದವರು ನಮ್ಮ ತಾವರಗೇರಾದಲ್ಲಿ ನಿಮ್ಮಜ್ಜನ ತಮ್ಮ, ನಿಮ್ಮ ಸಣ್ಣಜ್ಜ ಒಬ್ಬರೇ! ಅವರ ಎದುರಿಗೆ ಹೇಳುವ ಧೈರ್ಯ ನನಗೆಲ್ಲಿದೆ? ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಜ್ಜನ ಮೊದಲ ಪುಣ್ಯತಿಥಿ ಹತ್ತಿರ ಬಂದಿತ್ತು. ಕಟ್ಟು ಹಾಕಿಸಿದ ಅವರ ಫೋಟೋ ಇನ್ನೂ ಜೋಳದ ಚೀಲದ ಮೇಲೆಯೇ ಕೂತಿತ್ತು. ಬೀಗರು ಬಂದು ನೋಡಿದರೆ ನನ್ನ ಮಾನವೇನಾದೀತು? ನಮ್ಮ ಗೋಡೆಗೋ, ಮೊಳೆ ಹೊಡೆದರೆ ಮೊಳೆಯೇ ಬಾಗಿ ನಮಸ್ಕಾರ ಮಾಡುತ್ತದೆ. ಗಾರೆ ಕೆಲಸದ ಗೌಂಡಿಯನ್ನು ಕರೆಸೋಣವೆಂದೆ. ಸಣ್ಣಜ್ಜನಿಗೆ ಅವಮಾನವಾಯಿತು. ಅಣ್ಣನ ಫೋಟೋಕ್ಕೆ ಬೇರೆಯವರ ಕೈಯೇ? ಗಂಗಾವತಿಗೆ ಹೋಗಿ, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಡ್ರಿಲ್ ಮಷಿನ್ ತಂದರು.

"ವೈನಿ, ವರ್ಷಕ್ಕ ಎರಡು ತೂತು ಹಾಕೋ ಮನಿಗೆ ತುಟ್ಟಿ ಮಷಿನ್ ಯಾಕ್ರಿ? ಇದ ಭಾಳ ಆತು!" ಎಂದರು ಅತ್ತಿಗೆಯಾದ ನನಗೆ.

ಅದು ಕೂಗಿದ್ದನ್ನು ನೀವು ಕೇಳಬೇಕಿತ್ತು! ಹಿತ್ತಲಿನ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಗೋಡೆಗೆ ಮಾತ್ರ ಏನೂ ಕೇಳಿಸಲಿಲ್ಲ. ಎರಡೇ ನಿಮಿಷಕ್ಕೆ ಸುಟ್ಟ ವಾಸನೆ. ಸಣ್ಣಜ್ಜ ಮಷಿನ್ನನ್ನು ಚಾಪೆಯ ಮೇಲೆ ಮಲಗಿಸಿ ಬೀಸಣಿಗೆಯಿಂದ ಗಾಳಿ ಹಾಕತೊಡಗಿದರು.

"ಕೆಟ್ಟತೇನ್ರಿ?" ಎಂದೆ.

"ಕೆಟ್ಟಿಲ್ರಿ, ದಣದೈತಿ. ಒಂದೀಟು ಚಾ ಮಾಡ್ರಿ."

"ಮಷಿನ್ನಿಗೂ ಬೇಕೇನ್ರಿ?"

ಬಾಯಿಂದ ಬಂದೇಬಿಟ್ಟಿತು! ಮದುವೆಯಾಗಿ ಬಂದಂದಿನಿಂದ ಮೈದುನನಿಗೆ ನಾನು ಮಾಡಿದ ಮೊದಲ ಚೇಷ್ಟೆ ಅದು. ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದೆ.

ಎರಡು ನಿಮಿಷ ಕೆಲಸ, ಅರ್ಧ ಗಂಟೆ ವಿಶ್ರಾಂತಿ. ಅಂಥ ನೌಕರಿ ಯಾರಿಗೆ ಸಿಕ್ಕೀತು? ಮೂರನೆಯ ದಿನ ಕೊನೆಗೂ ತೂತು ಬಿತ್ತು. ಆದರೆ ಎಲ್ಲಿ? ನನ್ನ ನೆತ್ತಿಯ ಮಟ್ಟಕ್ಕೆ!

ಪುಣ್ಯತಿಥಿಗೆ ಬಂದ ಬೀಗರು ಬಿಡುತ್ತಾರೆಯೇ? "ಮ್ಯಾಲ ಜಾಗ ಇರ್ಲಿಲ್ಲೇನ್ರಿ?"

"ಸಸ್ತಾ ಮಷಿನ್ರಿ, ಜಾರಿ ಕೆಳಗ ಬಂತು," ಎಂದು ಸಣ್ಣಜ್ಜ ತಲೆ ಕೆರೆದುಕೊಂಡರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಧೂಳು ಒರೆಸಲು ಫೋಟೋ ಕೆಳಗಿಳಿಸಿದೆ. ತೂತಿನ ಸುತ್ತ ಪೆನ್ಸಿಲ್ಲಿನಲ್ಲಿ ಮೊದಲೇ ಹಾಕಿದ್ದ ಗುರುತು ಕಂಡಿತು. ಪಕ್ಕದಲ್ಲಿ ಸಣ್ಣಜ್ಜನ ಸೊಟ್ಟ ಅಕ್ಷರ: "ವೈನಿ ಕೈ ಇಲ್ಲಿ ಮಟಾ ಮುಟ್ಟತೈತಿ."

ಈಗ ಸ್ಟೂಲು ಹತ್ತದೆ ಹೂ ಏರಿಸುತ್ತೇನೆ. ನಿಮ್ಮಜ್ಜ ಇದ್ದಾಗ ತಲೆಯೆತ್ತಿ ಮುಖ ನೋಡಿದವಳಲ್ಲ ನಾನು. ಈಗ ದಿನಾ ಎದುರಾಬದುರು.

ಅಗ್ಗದ ಮಷಿನ್ ಸಾಕೇ ಎಂದರೆ, ನನಗೆ ಬೇಕಾದ ಒಂದು ತೂತಿಗೆ ಸಾಕಾಯಿತು.

ಯುಗಾದಿಗೆ ಗೋಡೆಗೆ ಸುಣ್ಣ ಬಳಿಸಬೇಕು. ಆ ಅಕ್ಷರ ಅಳಿಸಿಹೋಗುತ್ತದೆ. ಈ ಹಾಳೆಗಳಲ್ಲಾದರೂ ಉಳಿಯಲಿ ಮಕ್ಕಳೇ, ಜೋಪಾನವಾಗಿಡಿ. ಸಣ್ಣಜ್ಜನ ಕೈಗೆ ಮಾತ್ರ ಕೊಡಬೇಡಿ!