ಭಂಡಾರ ಮತ್ತು ಬೇರಿಂಗಿನ ವಿಚಾರವಾಗಿ ವಾರಂಟಿ ವಿಭಾಗಕ್ಕೆ

ಶ್ರೀ ಸಂತೋಷಕುಮಾರ ಅವರಿಗೆ,
ವ್ಯವಸ್ಥಾಪಕರು, ವಾರಂಟಿ ವಿಭಾಗ,
ಸುಖಯಾನ ಮೋಟರ್ಸ್, ಬಾಗಲಕೋಟೆ.

ಮಾನ್ಯರೇ,

ತಮಗೂ, ತಮ್ಮ ತಣ್ಣಗಿನ ಗಾಜಿನ ಕೋಣೆಗೂ, ಅದರ ಹೊರಗೆ ಗ್ರಾಹಕರಿಗಾಗಿ ಹಾಕಿಸಿರುವ ಮೆತ್ತನೆಯ ಸೋಫಾಕ್ಕೂ ಕಮತಗಿಯ ಹಾರ್ಡ್‌ವೇರ್ ಅಂಗಡಿಯ ಗುರಲಿಂಗಪ್ಪನ ನಮಸ್ಕಾರಗಳು. ಆ ಸೋಫಾದ ಮೇಲೆ ಕಳೆದ ಕೆಲವು ತಿಂಗಳಲ್ಲಿ ನಾನು ಕೂತಷ್ಟು ನನ್ನ ಅಂಗಡಿಯ ಗಲ್ಲೆಯ ಮುಂದೆಯೂ ಕೂತಿಲ್ಲ. ಈ ಪತ್ರವನ್ನು ಹತ್ತು ಮಂದಿ ಓದುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದವಕ್ಕೆಲ್ಲ ‘ನಿಮ್ಮ ದೂರು ನಮಗೆ ಅಮೂಲ್ಯ’ ಎಂಬ ಉತ್ತರವೇ ಬಂದಿದ್ದರಿಂದ, ಅಷ್ಟು ಬೆಲೆಬಾಳುವುದನ್ನು ತಾವೊಬ್ಬರೇ ಇಟ್ಟುಕೊಂಡರೆ ಚೆನ್ನಾಗಿರದು ಎನಿಸಿತು.

ತಮ್ಮಲ್ಲಿ ನಾನು ಏಳು ಸೀಟಿನ ವ್ಯಾನು ಕೊಂಡದ್ದು ನಮ್ಮ ಅವ್ವ ಸಾವಂತ್ರವ್ವನಿಗಾಗಿ. ಅವಳ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಕರೆತರಬೇಕು. ಮರಳುವಾಗ ಕೂರುವ ತ್ರಾಣವಿಲ್ಲದೆ ನಡುವಿನ ಸೀಟಿನಲ್ಲಿ ಮಲಗಿಕೊಂಡೇ ಬರುತ್ತಾಳೆ. ಜತೆಗೆ ನನ್ನ ಹೆಂಡತಿ ಸುರೇಖಾ, ಅದೇ ಚಿಕಿತ್ಸೆಗೆ ಬರುವ ಪಕ್ಕದ ಮನೆಯ ಕಾಸಿಂಬಿ, ಹೋಗುವಾಗ ಪೇಟೆಯ ಕೆಲಸವಿರುವ ಓಣಿಯ ಇನ್ನಿಬ್ಬರು ಮೂವರು ಇರುವುದರಿಂದ ವ್ಯಾನು ಸಾಮಾನ್ಯವಾಗಿ ತುಂಬಿಯೇ ಹೋಗುತ್ತದೆ. ವಾರಂಟಿ ಇನ್ನೂ ಎಳೆಯದಾಗಿದ್ದಾಗಲೇ ಶಿರೂರಿನ ತಿರುವಿನಲ್ಲಿ ಸ್ಟೇರಿಂಗ್ ಹೊರಳಿಸಿದರೆ ಎಡಗಡೆಯಿಂದ ಕರಕರ ಸದ್ದು ಬರತೊಡಗಿತು, ಸ್ಟೇರಿಂಗ್ ಕೈಯಲ್ಲಿ ಜಗ್ಗಿದಂತಾಗತೊಡಗಿತು. ಗಾಡಿಯಲ್ಲಿ ಕಾಯಿಲೆಯವರನ್ನು ಮಲಗಿಸಿಕೊಂಡು ಬರುವವನಿಗೆ ಅದು ಕೇಳಲು ಹಿತವಾದ ಸದ್ದಲ್ಲ.

ತಮ್ಮ ತಜ್ಞರ ತಾಳ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೊದಲ ಸಲ ಒಬ್ಬರು ಖಾಲಿ ಗಾಡಿಯನ್ನು ನೇರ ರಸ್ತೆಯಲ್ಲಿ ನೇರವಾಗಿ ಓಡಿಸಿ, ತಿರುಗಿಸಿದಾಗ ಬರುವ ಸದ್ದು ಬರುತ್ತಿಲ್ಲವೆಂದು ಕಂಡುಹಿಡಿದರು. ಎರಡನೆಯ ಸಲ ಇನ್ನೊಬ್ಬರು ಸದ್ದನ್ನು ಒಪ್ಪಿಕೊಂಡು, ಅದು ಈ ಗಾಡಿಯ ಸ್ವಭಾವವೆಂದೂ, ಸ್ವಭಾವಕ್ಕೆ ವಾರಂಟಿ ಅನ್ವಯಿಸದೆಂದೂ ತಿಳಿಸಿದರು. ಮೂರನೆಯ ಸಲ ಗಾಡಿಯನ್ನು ‘ನಿಗಾದಲ್ಲಿ’ ಇರಿಸಿಕೊಂಡಿರಿ. ಅದು ತಮ್ಮ ಶೆಡ್ಡಿನ ನೆರಳಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ ನಮ್ಮ ಅವ್ವ ಡಯಾಲಿಸಿಸ್ ಮುಗಿಸಿ ಬಸ್ಸಿನ ಕಂಬಿ ಹಿಡಿದು ನಿಂತು ಕಮತಗಿಗೆ ಬಂದಳು. ಕೊನೆಗೆ ನಾನೇ ಏಳೂ ಸೀಟು ತುಂಬಿಸಿಕೊಂಡು ಬಂದು ತಮ್ಮ ಅಂಗಳದಲ್ಲಿ ಗಾಡಿಯನ್ನು ಗಾಣದಂತೆ ಸುತ್ತಿಸಿದೆ. ಗೇಟಿನಾಚೆಯ ಚಹಾದಂಗಡಿಯವರೂ ಎದ್ದು ಬಂದು ನೋಡಿದ್ದರಿಂದ, ಸದ್ದು ಇದೆಯೆಂದು ತಾವು ದೊಡ್ಡ ಮನಸ್ಸು ಮಾಡಿ ಒಪ್ಪಿದಿರಿ.

ಆಮೇಲಿನದು ತಮಗೇ ಗೊತ್ತು. ಸ್ಟೇರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿದಾಗ ಒಂದಿಷ್ಟು ಹಳದಿ ಪುಡಿ ಉದುರಿತು. ನಾವು ಬೀರಪ್ಪನ ಒಕ್ಕಲು. ಅವ್ವ ಗಾಡಿ ಹತ್ತುವ ಮುನ್ನ ಪ್ರತಿ ಸಲವೂ ಸೊಂಟದ ಸಂಚಿಯಿಂದ ಒಂದು ಚಿಟಿಕೆ ಭಂಡಾರ, ಎಂದರೆ ದೇವರ ಅರಿಶಿನ, ತೆಗೆದು ಸ್ಟೇರಿಂಗಿಗೆ ಹಚ್ಚಿ, ಹೋದವರನ್ನು ಹೊಳ್ಳಿ ಮನೆಗೆ ತರುವ ಭಾರ ಬೀರಪ್ಪನಿಗೆ ವಹಿಸುತ್ತಾಳೆ. ಸೂಜಿ ಚುಚ್ಚಿಸಿಕೊಳ್ಳಲು ಹೋಗುವವಳಿಗೆ ಅದೊಂದೇ ಧೈರ್ಯ. ತಾವು ಆ ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಹೊರಗಿನ ವಸ್ತು ಸೇರಿರುವುದರಿಂದ ವಾರಂಟಿ ರದ್ದು ಎಂದು ತೀರ್ಪಿತ್ತು, ಗಾಡಿಯೊಳಗೆ ಕೂತಿದ್ದ ಅವ್ವನ ಕಡೆ ತಿರುಗಿ, “ಅಜ್ಜಿ, ಅರಿಷಿಣ ಹಾಕಿ ಹಾಕಿ ಗಾಡಿ ನೀವ ಕೆಡಿಸೀರಿ ನೋಡ್ರಿ” ಎಂದಿರಿ.

ನಾನು ದುಡ್ಡು ಕಟ್ಟಿ ರಿಪೇರಿ ಮಾಡಿಸಿಕೊಂಡೆ. ಸದ್ದು ನಿಂತಿತು, ಅದಕ್ಕೆ ತಮ್ಮ ಕೆಲಸಗಾರರಿಗೆ ನಾನು ಋಣಿ. ತೆಗೆದುಹಾಕಿದ ಸಾಮಾನನ್ನು ಅವರು ಹಳೆಯ ಪೇಪರಿನಲ್ಲಿ ಸುತ್ತಿ ಪ್ರಾಮಾಣಿಕವಾಗಿ ನನ್ನ ಕೈಗಿತ್ತರು. ಅದು ಎಡಗಾಲಿಯ ಮೇಲೆ, ಶಾಕ್ ಅಬ್ಸಾರ್ಬರಿನ ತಲೆಯ ಬಳಿ ಕೂರುವ ಬೇರಿಂಗು. ಒಡೆದು ಚೂರಾಗಿದೆ, ಗ್ರೀಸಿನಿಂದ ಕಪ್ಪಾಗಿದೆ, ಹಳದಿ ಎಂಬುದು ಹೆಸರಿಗೂ ಇಲ್ಲ.

ಆದ್ದರಿಂದ ನನ್ನದೊಂದು ವಿನಮ್ರ ಸಂಶಯ. ಸ್ಟೇರಿಂಗಿಗೆ ಹಚ್ಚಿದ ಚಿಟಿಕೆ ಭಂಡಾರವು ಮುಚ್ಚಳದಿಂದ ಕೆಳಗಿಳಿದು, ಡ್ಯಾಶ್‌ಬೋರ್ಡಿನ ಹಿಂದೆ ಹಾಯ್ದು, ಎಂಜಿನ್ನಿನ ತಗಡಿನ ಗೋಡೆಯನ್ನು ದಾಟಿ, ಬಲಗಾಲಿಯತ್ತ ಕಣ್ಣೆತ್ತಿಯೂ ನೋಡದೆ, ಎಡಗಾಲಿಯ ಬೇರಿಂಗನ್ನು ಒಡೆದು, ಹೆಜ್ಜೆಯ ಗುರುತನ್ನೂ ಬಿಡದೆ ಮರಳಿ ಮುಚ್ಚಳದೊಳಗೆ ಬಂದು ಕೂತ ದಾರಿಯ ನಕಾಶೆಯೊಂದನ್ನು ದಯಪಾಲಿಸಬೇಕು. ಇಷ್ಟು ಬಲವುಳ್ಳ ಪುಡಿ ನಮ್ಮ ಮನೆಯಲ್ಲಿದೆಯೆಂದು ತಿಳಿದಿದ್ದರೆ ನಾನು ಹಾರ್ಡ್‌ವೇರ್ ಅಂಗಡಿ ಮುಚ್ಚಿ ಕಲ್ಲುಗಣಿಯ ಗುತ್ತಿಗೆ ಹಿಡಿಯುತ್ತಿದ್ದೆ. ಜತೆಗೆ, ಜವಾಬ್ದಾರಿ ಬೀರಪ್ಪನದೆಂದು ತಮ್ಮ ಕಂಪನಿ ನಂಬುವುದಾದರೆ, ಅವನಿಗೊಂದು ನೋಟಿಸು ಕಳಿಸಿ. ಗುಡಿಯ ಬಾಗಿಲು ಸದಾ ತೆರೆದಿರುತ್ತದೆ. ಅಲ್ಲಿ ಸೋಫಾ ಇಲ್ಲ, ಆದರೆ ಕಾಯಿಸುವುದೂ ಇಲ್ಲ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ದುಡ್ಡು ಹೋದರೆ ಅಂಗಡಿಯಲ್ಲಿ ಮತ್ತೆ ದುಡಿದೇನು. ಆದರೆ ಆ ದಿನ ಮನೆಗೆ ಬಂದವಳೇ ಅವ್ವ ಸಂಚಿಯನ್ನು ದೇವರ ಜಗಲಿಯ ಮೇಲಿಟ್ಟಳು. ಮುಂದಿನ ಸರದಿಯ ದಿನ ಗಾಡಿ ಬಾಗಿಲಿಗೆ ತಂದರೆ ಹತ್ತಲಿಲ್ಲ. “ನಿನ್ನ ಗಾಡಿ ನಾನ ಕೆಡಿಸೀನಿ. ಬಸ್ಸಿನ್ಯಾಗ ನಿಂದ್ರು ತ್ರಾಣಿಲ್ಲ. ಸಾಕಪಾ ಇನ್ನ,” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬೇರಿಂಗು ತೋರಿಸಿದರೆ, ಮಗ ಸಮಾಧಾನಕ್ಕೆ ಹೇಳುತ್ತಾನೆ, ಸಾಹೇಬರು ಯಾಕೆ ಸುಳ್ಳು ಹೇಳಿಯಾರು ಎಂದಳು. ಸುರೇಖಾ ಬೇಡಿಕೊಂಡಳು, ಕಾಸಿಂಬಿ ಜಗಳವಾಡಿದಳು. ಕೊನೆಗೆ ಕಾಸಿಂಬಿಯನ್ನೊಬ್ಬಳನ್ನೇ ಕರೆದುಕೊಂಡು ಹೋಗಿ ಬಂದೆ. ಒಂದು ಸರದಿ ತಪ್ಪಿದೆ. ಅವ್ವನ ಕಾಲು ಬಾತಿವೆ, ಉಸಿರು ಮೇಲಕ್ಕೆ ಹತ್ತುತ್ತಿದೆ, ಇನ್ನೊಂದು ತಪ್ಪಿದರೆ ಉಳಿಸುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ. ನನಗೆ ಹೆದರಿಕೆಯಾಗಿದೆ, ಮಾನ್ಯರೇ. ಇದನ್ನು ಕಚೇರಿಯ ಭಾಷೆಯಲ್ಲಿ ಹೇಗೆ ಬರೆಯಬೇಕೋ ನನಗೆ ತಿಳಿಯದು.

ನನ್ನ ದುಡ್ಡು ತಮ್ಮಲ್ಲೇ ಸುಖವಾಗಿರಲಿ. ಗುರುವಾರ ಅವಳ ಮುಂದಿನ ಸರದಿ. ಅಷ್ಟರೊಳಗೆ ತಾವು ಕಮತಗಿಗೆ ಬಂದು, ಬರಲಾಗದಿದ್ದರೆ ಫೋನಿನಲ್ಲಾದರೂ, ಗಾಡಿ ಕೆಟ್ಟದ್ದು ಅವಳಿಂದಲ್ಲ ಎಂಬ ಒಂದು ಮಾತನ್ನು ಅವಳಿಗೆ ಹೇಳಬೇಕು. ಅವಳು ನಂಬುವುದು ತಮ್ಮನ್ನು. ವಾರಂಟಿಯ ಕರಾರಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಬಲ್ಲೆ, ಆದರೂ ಕೇಳುತ್ತಿದ್ದೇನೆ.

ಗುರುವಾರದವರೆಗಿನ ತಮ್ಮ ವಿಶ್ವಾಸಿ,
ಗುರಲಿಂಗಪ್ಪ, ಕಮತಗಿ

ತಾ.ಕ.: ಸೇವೆ ತೃಪ್ತಿಕರವಾಗಿತ್ತೇ, ಹತ್ತಕ್ಕೆ ಎಷ್ಟು ಅಂಕ ಕೊಡುವಿರಿ ಎಂದು ನಿನ್ನೆ ತಮ್ಮ ಕಚೇರಿಯ ಹೆಣ್ಣುಮಗಳೊಬ್ಬಳು ಫೋನ್ ಮಾಡಿದ್ದಳು. ನಾನು ಅಂಗಡಿಯಲ್ಲಿದ್ದೆ, ಫೋನು ಮನೆಯಲ್ಲಿತ್ತು, ಅವ್ವ ಎತ್ತಿಕೊಂಡಳು. “ಅವರದೇನ ತಪ್ಪಿಲ್ಲ ತಂಗಿ, ಹತ್ತಕ್ಕ ಹತ್ತು ಬರಕೋ. ತಪ್ಪ ನಂದ ಐತಿ,” ಎಂದಳಂತೆ. ಉಳಿದದ್ದನ್ನೆಲ್ಲ ತಾವೇ ಇಟ್ಟುಕೊಳ್ಳಿ. ಆ ಹತ್ತು ಅಂಕಗಳನ್ನು ಮಾತ್ರ ಅವಳ ಕೈಗೆ ವಾಪಸು ಕೊಡಿ.