ಮಾವನ ತೊಟ್ಟಿಯ ಪಿಎಚ್

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಹಿಂದೂಪುರದ ಅರ್ಧ ಜನ ಹೇಳುತ್ತಿದ್ದರು. ಉಳಿದರ್ಧ ಜನ ಅವರನ್ನು ಇನ್ನೂ ನೋಡಿರಲಿಲ್ಲ! ಆಗ ಮೊಬೈಲಿಗೆ ಇನ್‌ಕಮಿಂಗ್ ಪುಕ್ಕಟೆಯಾದ ಹೊಸತು. ಫೋನು ಮಾಡಿ "ಹೆಂಗಿದ್ದೀಯ ಮಾವ?" ಎಂದರೆ, "ಎಂಟೂವರೆ ಕಣ್ಲಾ, ಇಳೀತಾನೇ ಇಲ್ಲ" ಎನ್ನುತ್ತಿದ್ದರು. ಅದು ಅವರ ತೊಟ್ಟಿ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ. ಅದು ಏಳಕ್ಕೆ ಇಳಿಯಬೇಕಿತ್ತು.

ಇಷ್ಟಕ್ಕೂ ಕಾರಣ ನಮ್ಮತ್ತೆ. ಹೊಟ್ಟೆಯ ಆಪರೇಷನ್ ಆದಮೇಲೆ ಅವರಿಗೆ ಅನ್ನ ಕಂಡರಾಗುತ್ತಿರಲಿಲ್ಲ. ದಿನದಿನಕ್ಕೆ ಇಳಿದುಹೋಗುತ್ತಿದ್ದರು. "ಚುಕ್ಕೆಸೊಪ್ಪಿನ ಪಪ್ಪು ಆದ್ರೆ ಎರಡು ತುತ್ತು ತಿಂತೀನೇನೋ" ಎಂದು ಒಮ್ಮೆ ಅಂದರು, ಅಷ್ಟೇ. ಪಪ್ಪು ಅಂದರೆ ಆ ಹುಳಿಸೊಪ್ಪು ಹಾಕಿ ಬೇಯಿಸಿದ ತೊವ್ವೆ. ಮಾರ್ಕೆಟ್ಟಿನ ಸೊಪ್ಪು ಚರಂಡಿ ನೀರಿನದೆಂದು ಮಾವ ಮುಟ್ಟಲಿಲ್ಲ. ಇಂಟರ್ನೆಟ್ ಸೆಂಟರಿನಲ್ಲಿ ಏನೋ ಓದಿ ಬಂದು, ತಾರಸಿಯ ಮೇಲೆ ತೊಟ್ಟಿ ಕಟ್ಟಿ ಮೀನು ಬಿಟ್ಟರು. ಮೀನಿನ ಗಲೀಜು ನೀರು ಪಂಪಿನಲ್ಲಿ ಕಲ್ಲು ತುಂಬಿದ ಮಡಿಗೆ ಏರಬೇಕು. ಸೊಪ್ಪು ಅದನ್ನುಂಡು ನೀರನ್ನು ತಿಳಿಮಾಡಿ ವಾಪಸು ಕಳಿಸಬೇಕು. ಮಡಿಗೆ ಕಲ್ಲೆಲ್ಲಿಂದ? ಅತ್ತೆಯ ತವರು ಕಲ್ಯಾಣದುರ್ಗದ ಹೊಲದಿಂದ ಬಿಳಿಕಲ್ಲನ್ನು ಮೂಟೆ ಕಟ್ಟಿ ಬಸ್ಸಿನ ಟಾಪಿನಲ್ಲಿ ತಂದರು!

"ತವರಿನ ಕಲ್ಲು ಕಣ್ಲಾ. ಸೊಪ್ಪಿಗೆ ಬ್ಯಾಸರ ಆಗಾಕಿಲ್ಲ!"

ಸೊಪ್ಪು ಹಳದಿಯಾಗಿ ಸೊರಗಿತು. ಪಿಎಚ್ ಇಳಿಸಲು ಮಾವ ಹುಣಸೆಹಣ್ಣನ್ನು ಬಟ್ಟೆಯಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಟ್ಟರು. ಅತ್ತೆ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದು ನೋಡಿದರು.

"ಮೀನಿಗೆ ಹುಣಸೆಹುಳಿ ಬಿಟ್ರೆ ಅದನ್ನ ಚೇಪಲ ಪುಲುಸು ಅಂತಾರೆ. ಕೆಳಗೊಂದು ಸ್ಟವ್ ಹಚ್ಬುಡ್ರಿ!"

ಸಂಜೆ ಇಳಿದ ಪಿಎಚ್ ಬೆಳಿಗ್ಗೆ ಮತ್ತೆ ಎಂಟೂವರೆ!

ನಾನು ಹೋಗಿದ್ದಾಗ ಮಾವ ನಿಂಬೆಹಣ್ಣಿನ ಪ್ರಯೋಗದಲ್ಲಿದ್ದರು. ಕೈತಪ್ಪಿ ರಸ ಒಣಗಿದ ಕಲ್ಲಿನ ಮೇಲೆ ಚೆಲ್ಲಿತು. ಕಲ್ಲು ಬುಸುಬುಸು ನೊರೆ ಉಕ್ಕಿಸಿತು.

"ಮಾವ, ಇದು ಸುಣ್ಣದ ಕಲ್ಲು! ನೀನು ಹುಳಿ ಹಾಕಿದಷ್ಟೂ ಇದೇ ಕುಡಿದ್ಬುಡ್ತದೆ."

ಮಾವ ತಲೆಮೇಲೆ ಕೈಹೊತ್ತು ಕೂತರು. "ಅವಳ ತವರಿನೋರು ಯಾವತ್ತು ನನ್ನ ಮಾತು ಕೇಳವ್ರೆ, ಕಲ್ಲು ಕೇಳಾಕೆ!"

ಕಲ್ಲು ತೆಗೆದು ಕರಿಜಲ್ಲಿ ತುಂಬಿದೆವು. ನೀರು ಹದಕ್ಕೆ ಬಂತು, ಸೊಪ್ಪು ಹಸಿರಾಯಿತು. ಮೊದಲ ಕೊಯ್ಲಿನ ದಿನ ನಾವೆಲ್ಲ ಸೇರಿದ್ದಾಗ ಮಾವನೇ ಪಪ್ಪು ಮಾಡಿ ಬಡಿಸಿದರು. ಅತ್ತೆ ಒಂದು ತುತ್ತು ಬಾಯಿಗಿಟ್ಟು ಮಾವನ ಮುಖ ನೋಡಿದರು.

"ಉಪ್ಪೇ ಹಾಕಿಲ್ವಲ್ರೀ!"

ನೀರಿನ ಹುಳಿಯನ್ನು ತೊಟ್ಟು ತೊಟ್ಟಾಗಿ ಅಳೆದ ಮನುಷ್ಯ ಉಪ್ಪು ಮರೆತಿದ್ದರು! ಗಾಬರಿಯಿಂದ ಡಬ್ಬಿ ತರಲು ಎದ್ದರು. ಅತ್ತೆ ಅವರ ಕೈ ಹಿಡಿದು ಕೂರಿಸಿದರು.

"ಇರ್ಲಿ ಬಿಡ್ರಿ. ಇನ್ನೊಂದೀಟು ಅನ್ನ ಹಾಕ್ರಿ, ಹಸಿವಾಗ್ತೈತೆ."

ಮಾವ ಅನ್ನ ಬಡಿಸಿದರು. ಕಣ್ಣೆಲ್ಲ ಅತ್ತೆಯ ಮುಖದ ಮೇಲೇ ಇತ್ತು, ಅರ್ಧ ತಟ್ಟೆಯ ಹೊರಗೆ ಬಿತ್ತು. ನಾವ್ಯಾರೂ ನಗಲಿಲ್ಲ.