ಅಮೆರಿಕಕ್ಕೆ ಮನೆ ನೋಡಲು ಹೋದ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಈ ಜನ್ಮದಲ್ಲಿ ಒಂದು ಊರನ್ನೂ ಪ್ರವಾಸಿಯಾಗಿ ನೋಡಿದವರಲ್ಲ. ಹೋದ ಊರನ್ನೆಲ್ಲ 'ಇಲ್ಲಿಗೆ ಹೆಣ್ಣು ಕೊಡಬಹುದೋ ಇಲ್ಲವೋ' ಎಂದೇ ನೋಡಿ ಬಂದವರು! ಒಮ್ಮೆ ಜೋಗಕ್ಕೆ ಕರೆದುಕೊಂಡು ಹೋಗಿದ್ದೆವು. ಎಲ್ಲರೂ ಜಲಪಾತ ನೋಡಿ ಮೈಮರೆತು ನಿಂತಿದ್ದಾಗ ಇವರು, "ನೀರೇನೋ ಬೇಕಾದಷ್ಟಿದೆ. ಆದ್ರೆ ಬಿಂದಿಗೆ ಹಿಡಿಯೋದು ಎಲ್ಲಿ?" ಎಂದು ಕೇಳಿದ್ದರು.

ನಮ್ಮ ಕಡೆ ಸಂಬಂಧ ಕುದುರುವ ಮುಂಚೆ ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆಗೆ ಹೋಗಿ ಬರುವ ಪದ್ಧತಿಯಿದೆ. 'ಮನೆ ನೋಡೋದು' ಎಂದೇ ಅದಕ್ಕೆ ಹೆಸರು. ಬೇರೆಯವರು ಹೋದರೆ ಉಪ್ಪಿಟ್ಟು ಕೇಸರಿಬಾತು ತಿಂದು, ಹಾಲ್‌ನಲ್ಲಿ ಕೂತು, ಮನೆ ಚೆನ್ನಾಗಿದೆ ಎಂದು ಎದ್ದು ಬರುತ್ತಾರೆ. ದೊಡ್ಡಮ್ಮ ಹಾಗಲ್ಲ. ಸೀದಾ ಬಚ್ಚಲಿಗೆ ಹೋಗಿ ಒಂದು ಚೊಂಬು ನೀರು ಸುರಿದು ಅದು ಎತ್ತ ಹರಿಯುತ್ತದೆ ನೋಡುತ್ತಾರೆ. ಆಮೇಲೆ ಹಿತ್ತಲು, ಅಟ್ಟ, ಅಡುಗೆಮನೆ. ಹೊಳಲೂರಿನ ಒಂದು ಮನೆಗೆ ಗದ್ದೆ ಇತ್ತು, ತೋಟ ಇತ್ತು, ಹುಡುಗ ಲಕ್ಷಣವಾಗಿದ್ದ. ಅಡುಗೆಮನೆಯ ಕಿಟಕಿ ತೆಗೆದರೆ ಮಾತ್ರ ಪಕ್ಕದ ಮನೆಯ ಗೋಡೆ. "ದಿನಾ ಗೋಡೆ ನೋಡ್ಕೊಂಡು ರೊಟ್ಟಿ ತಟ್ಟಕ್ಕೆ ನಮ್ಮ ಹುಡುಗಿ ಏನು ತಪ್ಪು ಮಾಡಿದಾಳೆ?" ಎಂದು ಆ ಸಂಬಂಧ ಬಿಟ್ಟರು. ಜನ್ನಾಪುರದ ಇನ್ನೊಂದು ಮನೆ ಫೇಲಾದದ್ದು ನಾಯಿಯಿಂದ. ಕಚ್ಚಿತೇ? ಇಲ್ಲ, ಬೊಗಳಲಿಲ್ಲ! "ಹೊಸಬರು ಬಂದ್ರೂ ಮಲಗೇ ಇರೋ ನಾಯಿ ಸಾಕಿದಾರೆ ಅಂದ್ರೆ, ಆ ಮನೇಲಿ ಯಾರಿಗೂ ಯಾರ ಮೇಲೂ ಗಮನ ಇಲ್ಲ ಅಂತ" ಎಂದರು. ಶಿವಮೊಗ್ಗದ ನನ್ನ ಗಂಡನ ಮನೆ ಪಾಸಾದದ್ದು ಬಟ್ಟೆ ಒಣಗಿಸುವ ತಂತಿಯ ದೆಸೆಯಿಂದ. ಅದು ಹೆಂಗಸರ ಕೈಗೆಟಕುವ ಎತ್ತರದಲ್ಲಿತ್ತಂತೆ. ನನ್ನ ಯಜಮಾನರು ಈಗಲೂ ಆ ತಂತಿಯನ್ನು ಬದಲಾಯಿಸಲು ಬಿಡುವುದಿಲ್ಲ.

ಇಂಥ ದೊಡ್ಡಮ್ಮನ ಕೈಯಲ್ಲಿ ಬೆಳೆದವಳು ನನ್ನ ಮಗಳು. ನಾನು ಶಿವಮೊಗ್ಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಕಾಲಕ್ಕೆ ಅವಳು ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ದೊಡ್ಡಮ್ಮನ ಸೆರಗು ಹಿಡಿದುಕೊಂಡೇ ಓಡಾಡಿದಳು. ಪಶುವೈದ್ಯಕೀಯ ಓದಿದಳು. ಅದು ಹೇಗೋ ಅಮೆರಿಕದ ಚಾರ್ಲ್ಸ್‌ಟನ್ ಎಂಬ ಹಳೆಯ ಕಡಲೂರಿಗೆ ಹೋಗಿ, ಗಾಯಗೊಂಡ ಕಡಲಾಮೆಗಳಿಗೆ ಔಷಧಿ ಮಾಡುವ ಕೆಲಸಕ್ಕೆ ಸೇರಿದಳು. "ಊರಲ್ಲಿ ಇಷ್ಟು ದನ ಕರು ಇರುವಾಗ ಆಮೆ ಹುಡುಕ್ಕೊಂಡು ಹೋದ್ಳಲ್ಲೇ ಮಾರಾಯ್ತಿ" ಎಂದು ದೊಡ್ಡಮ್ಮ ಕೊರಗಿದರು. ಆಮೆಗಳ ಜೊತೆ ಒಬ್ಬ ಹುಡುಗನೂ ಸಿಕ್ಕಿದ್ದಾನೆಂದು ಮಗಳು ಫೋನಿನಲ್ಲಿ ಹೇಳಿದ ದಿನ ಮಾತ್ರ ಸುಮ್ಮನಾದರು. ಹುಡುಗ ಅದೇ ಊರಿನವನು, ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರು, ತಾಯಿಗೆ ಒಬ್ಬನೇ ಮಗ.

"ದೊಡ್ಡಜ್ಜಿ ಬಂದು ಮನೆ ನೋಡ್ಲಿ ಅಮ್ಮ. ಅವರು ಬೇಡ ಅಂದ್ರೆ ನಾನು ಮುಂದುವರಿಯಲ್ಲ," ಎಂದಳು ಮಗಳು. ಬೊಗಳದ ನಾಯಿ, ಕಾಣದ ಕಿಟಕಿ, ಹರಿಯದ ಬಚ್ಚಲು, ಯಾವುದರಿಂದ ನನ್ನ ಮಗಳ ಮದುವೆ ನಿಲ್ಲುವುದೋ ಯಾರು ಬಲ್ಲರು? ಯಜಮಾನರನ್ನು ಕರೆದರೆ, "ಒಂದ್ಸಲ ಆ ಪರೀಕ್ಷೆ ಬರ್ದಿದೀನಿ, ಸಾಕು" ಎಂದು ಕೈಮುಗಿದು ಊರಲ್ಲೇ ಉಳಿದರು. ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ನಾವಿಬ್ಬರು ಹೆಂಗಸರು ವಿಮಾನ ಹತ್ತಿದೆವು.

ಪಾಪದ ಹುಡುಗನಿಗೆ ಇದೆಲ್ಲ ಏನು ಗೊತ್ತು? ಬಂದವರಿಗೆ ಊರು ತೋರಿಸಬೇಕು ಎಂದು ರಜೆ ಹಾಕಿ ಕೂತಿದ್ದ. ದೊಡ್ಡಮ್ಮನ ಲಿಂಗಪೂಜೆ ಮುಗಿದು ಹಣೆಯ ವಿಭೂತಿ ಒಣಗುವ ತನಕ ಕಾರಿನ ಪಕ್ಕ ಕೈಕಟ್ಟಿ ನಿಂತಿರುತ್ತಿದ್ದ. ಮೊದಲನೆಯ ದಿನ ಕರೆದುಕೊಂಡು ಹೋದದ್ದು ಆ ಊರಿನ ಹೆಸರುವಾಸಿ ಬೀದಿಗೆ. ಸಾಲಾಗಿ ಹಳೆಯ ಮನೆಗಳು, ಒಂದಕ್ಕೆ ತಿಳಿಗುಲಾಬಿ, ಒಂದಕ್ಕೆ ತಿಳಿಹಸಿರು, ಇನ್ನೊಂದಕ್ಕೆ ಅರಿಶಿನದ ಬಣ್ಣ. ದೇಶದೇಶದವರು ಅಲ್ಲಿ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ದೊಡ್ಡಮ್ಮ ಮುಂದಿನಿಂದ ನೋಡಲೇ ಇಲ್ಲ.

"ಬಣ್ಣಕ್ಕೆ ಮರುಳಾಗಬಾರದು. ಹಿಂದಿನ ಗೋಡೆ ತೋರಿಸಕ್ಕೆ ಹೇಳು," ಎಂದರು.

ಹಿಂದೆ ಹೋಗುವ ದಾರಿಯಲ್ಲಿ ಇನ್ನೊಂದು ಸೋಜಿಗ ಕಂಡಿತು. ಅಲ್ಲಿನ ಹಳೆಯ ಮನೆಗಳು ಬೀದಿಗೆ ಪಕ್ಕೆ ತಿರುಗಿಸಿ ನಿಂತಿವೆ. ಬೀದಿಗೆ ಒಂದು ಬಾಗಿಲಿದೆ. ಅದನ್ನು ತೆಗೆದರೆ ಒಳಗೆ ಮನೆಯಿಲ್ಲ, ಉದ್ದನೆಯ ಜಗಲಿ! ಕಡಲಗಾಳಿ ಆಡಲಿ ಎಂದು ಹಾಗೆ ಕಟ್ಟಿದ್ದಾರೆ ಎಂದು ಹುಡುಗ ವಿವರಿಸಿದ. ದೊಡ್ಡಮ್ಮ ಆ ಬಾಗಿಲನ್ನು ಬಹಳ ಹೊತ್ತು ನೋಡಿ, "ನಮ್ಮಲ್ಲಿ ಬಾಗಿಲಿಲ್ಲದ ಜಗಲಿ ಇರುತ್ತೆ, ಇವರದ್ದು ಜಗಲಿಗೇ ಬಾಗಿಲು. ಜಗಲಿ ಮೇಲೆ ಕೂರಕ್ಕೂ ಕದ ತಟ್ಟಬೇಕಾದ್ರೆ ನೆರೆಹೊರೆ ಏನು ಬಂತು?" ಎಂದರು. ಹುಡುಗ ಏನಂದರು ಎಂದು ನನ್ನತ್ತ ನೋಡಿದ. ಗಾಳಿ ಚೆನ್ನಾಗಿದೆಯಂತೆ ಎಂದು ಅನುವಾದಿಸಿದೆ. ಅಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದ್ದು ಸಾರ್ಥಕವಾಯಿತು. ಹುಡುಗನ ಪಕ್ಕ ನಿಂತಿದ್ದ ಮಗಳು ಮಾತ್ರ ಜೋರಾಗಿ ನಕ್ಕುಬಿಟ್ಟಳು.

ಮಧ್ಯಾಹ್ನ ಕಡಲು ಉಬ್ಬಿ ಭರತ ಬಂದು, ಬೀದಿಯ ಚರಂಡಿಯಿಂದ ಕಡಲನೀರು ಮೇಲುಕ್ಕಿ ಪಾದ ತೋಯಿಸಿತು. ಆ ಊರಿನಲ್ಲಿ ಅದು ಮಾಮೂಲಂತೆ. ಬಚ್ಚಲ ನೀರು ಹೊರಗೆ ಹೋಗುತ್ತದೋ ಇಲ್ಲವೋ ಎಂದು ನೋಡುವ ನಮ್ಮ ದೊಡ್ಡಮ್ಮನ ಎದುರಿಗೆ ಇಡೀ ಸಮುದ್ರವೇ ಒಳಗೆ ಬಂದಿತ್ತು! ನಾನು ಮನಸ್ಸಿನಲ್ಲೇ ಮದುವೆಗೆ ಎಳ್ಳುನೀರು ಬಿಟ್ಟೆ. ಆ ಸಂಜೆ ಮಗಳು ಹೆದರುತ್ತಾ, "ಏನಂದ್ರು?" ಎಂದಳು.

"ನೋಡೋಣ ಅಂದ್ರು," ಎಂದೆ. ದೊಡ್ಡಮ್ಮನ ಬಾಯಲ್ಲಿ 'ನೋಡೋಣ' ಬಂದ ಸಂಬಂಧ ಇದುವರೆಗೆ ಒಂದೂ ಕೂಡಿಬಂದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನ ಕುದುರೆಗಾಡಿ ಸವಾರಿ. ಆ ಊರಿನಲ್ಲಿ ಕುದುರೆಯ ಹಿಂಭಾಗಕ್ಕೆ ಒಂದು ಜೋಳಿಗೆಯಂಥದ್ದನ್ನು ಕಟ್ಟಿರುತ್ತಾರೆ, ಲದ್ದಿ ಬೀದಿಗೆ ಬೀಳಬಾರದೆಂದು. ಗಾಡಿಯವನು ಊರಿನ ಮುನ್ನೂರು ವರ್ಷದ ಚರಿತ್ರೆ ಹೇಳುತ್ತಾ ಹೋದ. ದೊಡ್ಡಮ್ಮ ದಾರಿಯುದ್ದಕ್ಕೂ ಆ ಜೋಳಿಗೆಯ ಮೇಲೆ ಕಣ್ಣಿಟ್ಟು ಕೂತಿದ್ದರು. ಇಳಿದ ಮೇಲೆ, "ಅಚ್ಚುಕಟ್ಟಿನ ಜನ ಕಣೇ," ಎಂದರು. ಅದನ್ನು ಮಾತ್ರ ನಾನು ಬದಲಾಯಿಸದೆ ಅನುವಾದಿಸಿದೆ. ಹುಡುಗ ಕುದುರೆಯ ಕೊರಳನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಅಲ್ಲಿಂದ ದೋಣಿಯಲ್ಲಿ ಕೋಟೆಗೆ ಹೋದೆವು. ಕಡಲ ನಡುವಿನ ಪುಟ್ಟ ದ್ವೀಪದ ಮೇಲೆ ಇಟ್ಟಿಗೆಯ ಕೋಟೆ, ತುಕ್ಕು ಹಿಡಿದ ಫಿರಂಗಿಗಳು. ತಮ್ಮ ದೇಶದವರು ತಮ್ಮತಮ್ಮೊಳಗೇ ಮಾಡಿಕೊಂಡ ದೊಡ್ಡ ಯುದ್ಧದ ಮೊದಲ ಗುಂಡು ಹಾರಿದ್ದು ಇಲ್ಲೇ, ಅಣ್ಣ ಒಂದು ಕಡೆ ತಮ್ಮ ಒಂದು ಕಡೆ ನಿಂತು ಹೊಡೆದಾಡಿದರು ಎಂದು ಹುಡುಗ ಗಂಭೀರವಾಗಿ ಹೇಳಿದ.

"ಅಣ್ಣತಮ್ಮಂದಿರು ಈಗ ಮಾತಾಡ್ತಾರಂತಾ?" ಎಂದು ದೊಡ್ಡಮ್ಮ ಕೇಳಿದರು.

ಹುಡುಗ ಸ್ವಲ್ಪ ಯೋಚಿಸಿ, ಹಬ್ಬಕ್ಕೆ ಒಟ್ಟಿಗೆ ಕೂತು ಊಟ ಮಾಡುತ್ತಾರೆ, ಆದರೆ ರಾಜಕೀಯದ ಮಾತು ಎತ್ತುವುದಿಲ್ಲ ಎಂದ.

"ಹಾಗಾದ್ರೆ ನಮ್ಮ ಮನೆ ತರಾನೇ," ಎಂದರು ದೊಡ್ಡಮ್ಮ.

ಮೂರನೆಯ ದಿನದ್ದು ದೊಡ್ಡ ಗಂಡಾಂತರ. ಹಿಂದಿನ ಕಾಲದ ಶ್ರೀಮಂತರ ಬಂಗಲೆಯೊಂದನ್ನು ಈಗ ಟಿಕೆಟ್ ಇಟ್ಟು ತೋರಿಸುತ್ತಾರೆ. ಸುರುಳಿ ಮೆಟ್ಟಿಲು, ಗಾಜಿನ ಗೊಂಚಲು ದೀಪ, ಆಳೆತ್ತರದ ಕನ್ನಡಿ. ಕುರ್ಚಿಗಳಿಗೆ ಹಗ್ಗ ಅಡ್ಡ ಕಟ್ಟಿದ್ದರು. ತೋರಿಸುವ ಹೆಂಗಸು ಊಟದ ಮೇಜಿನ ಬಗ್ಗೆ ವರ್ಣಿಸುತ್ತಿದ್ದಾಗ ದೊಡ್ಡಮ್ಮ ಕೈಯೆತ್ತಿದರು.

"ಅಡುಗೆಮನೆ ಎಲ್ಲಿ ಅಂತ ಕೇಳು."

ಅಡುಗೆಮನೆ ಬಂಗಲೆಯೊಳಗಿರಲಿಲ್ಲ, ಹಿತ್ತಲಿನಲ್ಲಿ ಬೇರೆಯೇ ಕಟ್ಟಡ. ತಗ್ಗು ಸೂರು, ಮಸಿ ಹಿಡಿದ ಒಲೆ. ದೊಡ್ಡಮ್ಮ ಒಲೆಯ ಮುಂದೆ ನಿಂತು, "ಇಷ್ಟು ಜನಕ್ಕೆ ಬೇಯಿಸಿ ಹಾಕಿದೋರು ಎಲ್ಲಿ ಕೂತು ಉಣ್ತಿದ್ರು?" ಎಂದರು. ಆ ಹೆಂಗಸು ದನಿ ತಗ್ಗಿಸಿ ಹೇಳಿದಳು. ಬೇಯಿಸುತ್ತಿದ್ದವರು ಹಡಗಿನಲ್ಲಿ ತಂದು ಮಾರಿದ ಜನ ಮತ್ತು ಅವರ ಮಕ್ಕಳು. ಅವರು ಮಲಗುತ್ತಿದ್ದದ್ದು ಇದೇ ಒಲೆಯ ಮೇಲಿನ ಅಟ್ಟದಲ್ಲಿ. ಅವರು ಕೂತು ಉಂಡ ಜಾಗವನ್ನು ಯಾರೂ ಬರೆದಿಟ್ಟಿಲ್ಲ.

ದೊಡ್ಡಮ್ಮ ಅಟ್ಟದತ್ತ ಒಮ್ಮೆ ನೋಡಿ, ಸೆರಗು ಹೊದ್ದುಕೊಂಡು ಹೊರಗೆ ಬಂದರು. "ಈ ಮನೆಗೆ ನಾನು ಹೆಣ್ಣು ಕೊಡಲ್ಲ," ಎಂದರು.

ನೂರಾರು ವರ್ಷಗಳಿಂದ ಹೆಣ್ಣು ಕೇಳದ ಬಂಗಲೆ ಅದು! ಆದರೆ ನನಗೆ ನಗು ಬರಲಿಲ್ಲ. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಒಂದಕ್ಷರವನ್ನೂ ಬಿಡದೆ. ಹುಡುಗ ತಲೆಯಾಡಿಸಿ, ನಾನಾಗಿದ್ದರೂ ಕೊಡುತ್ತಿರಲಿಲ್ಲ, ನನ್ನ ವಿದ್ಯಾರ್ಥಿಗಳನ್ನೂ ಮೊದಲು ಈ ಹಿತ್ತಲಿಗೇ ಕರೆತರುತ್ತೇನೆ ಎಂದ. ಅಂದು ಸಂಜೆಯೂ ದೊಡ್ಡಮ್ಮ ಹೇಳಿದ್ದು 'ನೋಡೋಣ' ಒಂದೇ. ನಾಲ್ಕನೆಯ ದಿನ ಊರ ಹೊರಗಿನ ಪುರಾತನ ಓಕ್ ಮರಕ್ಕೆ ಕರೆದುಕೊಂಡು ಹೋದರೆ, ಅದರ ಕೊಂಬೆಗಳು ನೆಲಕ್ಕೆ ಒರಗಿದ ಚಂದ ಬಿಟ್ಟು, "ಇಷ್ಟು ಹಳೇ ಮರಕ್ಕೆ ಒಂದು ಕಟ್ಟೆ ಕಟ್ಟಿಲ್ಲ. ಊರಿನ ಜಗಳ ಎಲ್ಲಿ ಕೂತು ಬಗೆಹರಿಸ್ತಾರೆ?" ಎಂದರು. ಮಗಳು ನಕ್ಕಳು. ರಾತ್ರಿ ಊಟ ಮಾತ್ರ ಸರಿಯಾಗಿ ಮಾಡಲಿಲ್ಲ.

ಕೊನೆಯ ದಿನ ಹುಡುಗನ ಸ್ವಂತ ಮನೆ. ಪೇಟೆಯಿಂದ ದೂರದ ಸಣ್ಣ ಮನೆ. ಅವನ ತಾಯಿ ಬಾಗಿಲಲ್ಲೇ ನಿಂತಿದ್ದರು. ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಯಾರೋ ಅವರಿಗೆ ಹೇಳಿದ್ದಿರಬೇಕು, ಬಚ್ಚಲು, ಅಡುಗೆಮನೆ, ಹಿತ್ತಲು, ಎಲ್ಲ ಬಾಗಿಲುಗಳನ್ನೂ ಹಾರುಹೊಡೆದಿಟ್ಟಿದ್ದರು. ದೊಡ್ಡಮ್ಮ ಒಳಗೆ ಬಂದು ಸೋಫಾದ ಮೇಲೆ ಕೂತರು. ಕೂತವರು ಏಳಲೇ ಇಲ್ಲ.

"ಮನೆ ನೋಡಲ್ವಾ ದೊಡ್ಡಮ್ಮ?" ಎಂದು ಮೆಲ್ಲಗೆ ಕೇಳಿದೆ.

"ನೋಡಿ ಆಯ್ತು," ಎಂದರು. ಹುಡುಗನ ತಾಯಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಅವರ ಕೈ ಹಿಡಿದು, "ನಮ್ಮ ಹುಡುಗಿಗೆ ಬೆಳಿಗ್ಗೆ ಬೇಗ ಏಳೋ ಅಭ್ಯಾಸ ಇಲ್ಲ. ಈಗಲೇ ಹೇಳಿಬಿಡ್ತೀನಿ, ಆಮೇಲೆ ನಮ್ಮನ್ನ ಬೈಕೋಬಾರದು" ಎಂದರು. ಅನುವಾದ ಮುಗಿಯುವ ಮೊದಲೇ ಮಗಳು ಅಳುತ್ತಾ ಬಂದು ದೊಡ್ಡಮ್ಮನ ಮಡಿಲಿಗೆ ಬಿದ್ದಳು.

ಸಂಜೆ ಕಡಲದಂಡೆಯ ಬೆಂಚಿನ ಮೇಲೆ ನಾವಿಬ್ಬರೇ ಕೂತಿದ್ದೆವು. ಮಗಳೂ ಹುಡುಗನೂ ಸ್ವಲ್ಪ ದೂರದಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಊರಲ್ಲಿ ಒಂದು ಕಿಟಕಿಗೆ ಸಂಬಂಧ ಬಿಟ್ಟವಳು ನೀನು. ಇಲ್ಲಿ ಅಡುಗೆಮನೆಗೂ ಇಣುಕಲಿಲ್ಲವಲ್ಲ, ಯಾಕೆ?" ಎಂದೆ.

ದೊಡ್ಡಮ್ಮ ನೀರನ್ನೇ ನೋಡುತ್ತಾ ಹೇಳಿದರು: "ನನ್ನ ಕೊಡುವಾಗ ನಮ್ಮಪ್ಪ ಮನೆ ನೋಡಕ್ಕೆ ಬಂದಿದ್ರು ಕಣೇ. ಬಾವಿ, ಹಿತ್ಲು, ಅಟ್ಟ, ಒಂದೂ ಬಿಡಲಿಲ್ಲ. ಎಲ್ಲಾ ಚೆನ್ನಾಗೇ ಇತ್ತು."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮುಂದುವರಿಸಿದರು.

"ನಿಮ್ಮ ದೊಡ್ಡಪ್ಪ ಹೊಡೆದೋರಲ್ಲ, ಬೈದೋರಲ್ಲ. ಆದ್ರೂ ನಗು ಬಂದ್ರೆ ನಾನು ಮೊದ್ಲು ಅವರ ಮುಖ ನೋಡ್ತಿದ್ದೆ. ನಗಬಹುದಾ ಬೇಡ್ವಾ ಅಂತ. ಅವರು ಹೋಗೋ ತನಕಾನೂ ನೋಡಿದೀನಿ. ಇವಳು ಆ ಹುಡುಗನ ಪಕ್ಕ ಇಷ್ಟು ದಿನ ಓಡಾಡಿದ್ಳು, ಎಷ್ಟು ನಕ್ಕಳು. ಒಂದ್ಸಲನೂ ಅವನ ಮುಖ ನೋಡಲಿಲ್ಲ. ಇನ್ನೇನು ನೋಡ್ಲಿ ಆ ಮನೇಲಿ?"

ನಾನು ಕಂಡ ದೊಡ್ಡಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಪೇಪರ್ ಓದುತ್ತಾ ಕೂರುತ್ತಿದ್ದ ಮಿತಭಾಷಿ. ಆ ಮನೆಯಲ್ಲಿ ನಾನು ಎಷ್ಟೋ ರಜೆಗಳನ್ನು ಕಳೆದಿದ್ದೇನೆ. ದೊಡ್ಡಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವುದು ಅವರ ನಾಚಿಕೆ ಎಂದೇ ತಿಳಿದಿದ್ದೆ. ನನ್ನ ಕಣ್ಣು ತುಂಬಿ ಬಂತು. ಅವರ ತೋಳು ಹಿಡಿದುಕೊಂಡೆ.

ಅಷ್ಟರಲ್ಲಿ ಎದುರಿಗೆ ಹೋಗುತ್ತಿದ್ದ ಸೂಟುಬೂಟಿನ ಒಬ್ಬ ದೊಡ್ಡ ಮನುಷ್ಯರ ಕೈಯಿಂದ ಕಡಲಹಕ್ಕಿಯೊಂದು ಬನ್ನನ್ನು ಕಿತ್ತುಕೊಂಡು ಹಾರಿತು. ಅವರು ಹಕ್ಕಿಯ ಹಿಂದೆ ನಾಲ್ಕು ಹೆಜ್ಜೆ ಓಡಿ, ಅದಕ್ಕೇ ಬುದ್ಧಿ ಹೇಳತೊಡಗಿದರು. ದೊಡ್ಡಮ್ಮ ನಕ್ಕುಬಿಟ್ಟರು. ಬೆಂಚು ಅಲ್ಲಾಡುವ ಹಾಗೆ, ದಾರಿಹೋಕರು ತಿರುಗಿ ನೋಡುವ ಹಾಗೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಯಾರ ಮುಖವನ್ನೂ ನೋಡಲಿಲ್ಲ.